ಹಳ್ಳದಲ್ಲಿ ಹರಿಯೋದು ಯಾರ ನೀರು?

ನನ್ನ ತಂಗಿ ಇಂಜಿನಿಯರ್. ಹಾಗಂದ ತಕ್ಷಣ ಜನ "ಯಾವ ಸೇತುವೆ ಕಟ್ಟಿದಾಳೆ?" ಅಂತ ಕೇಳ್ತಾರೆ. ಅಯ್ಯೋ, ಅವಳು ಏನೂ ಕಟ್ಟಲ್ಲ ಕಣ್ರೀ, ಬಾವಿ ಇಣುಕಿ ನೋಡ್ತಾಳೆ! ಕಲ್ಲು ಕ್ವಾರಿ ಇರೋ ಕಡೆ ಹೋಗಿ, ಅದರಿಂದ ನೆಲದೊಳಗಿನ ನೀರಿಗೂ ಹಳ್ಳಕ್ಕೂ ಏನಾಗಿದೆ ಅಂತ ಅಳೆದು ಹೇಳೋದು ಅವಳ ಕೆಲಸ. ಬೆಳಗ್ಗೆ ಯಾರೂ ಮೋಟಾರ್ ಹಾಕೋಕೆ ಮುಂಚೆ ಬಾವಿಗೆ ಟೇಪು ಇಳಿಬಿಡಬೇಕಂತೆ, ಇಲ್ಲದಿದ್ರೆ ಲೆಕ್ಕ ತಪ್ಪುತ್ತಂತೆ. ನೆಂಟರ ಮನೆಗೆ ಹೋದರೂ ಮೊದಲು ಹಿತ್ತಲ ಬಾವಿಯನ್ನ ಮಾತಾಡಿಸ್ತಾಳೆ, ಆಮೇಲೆ ನೆಂಟರನ್ನ.

ಹೋದ ವರ್ಷ ಬೇಸಗೆಯಲ್ಲಿ ನಮ್ಮೂರಿನ ಕ್ವಾರಿಯೇ ಅವಳ ಪಾಲಿಗೆ ಬಂತು. ಗುಂಡಿ ಇನ್ನೂ ಆಳ ಮಾಡಬೇಕು ಅಂತ ಕ್ವಾರಿ ಸಾಹುಕಾರರು ಅನುಮತಿ ಕೇಳಿದ್ರು. ಬಾವಿ ಬತ್ತಿದೆ ಅಂತ ಮೇಲ್ಬೀದಿಯವರು ದೂರು ಕೊಟ್ಟಿದ್ರು. ನಾನಿರೋದು ಕೆಳಗೆ, ಹಳ್ಳದ ದಂಡೆ ಮೇಲೆ. ಲಾಂಡ್ರಿ ನಡೆಸ್ತೀನಿ. ಹೋಟೆಲಿನ ಚಾದರ, ಆಸ್ಪತ್ರೆಯ ಪರದೆ ಎಲ್ಲ ನನ್ನ ತೊಟ್ಟಿಗೇ ಬರೋದು. ಕ್ವಾರಿ ಬರೋಕೆ ಮುಂಚೆ ಹಳ್ಳ ಬೇಸಗೆಯಲ್ಲಿ ಒಣಗ್ತಿತ್ತು, ಬಂದ ಮೇಲೆ ವರ್ಷವಿಡೀ ಹರಿಯುತ್ತೆ. ಅದನ್ನ ನಂಬಿಯೇ ನಾನು ಲಾಂಡ್ರಿ ಇಟ್ಟಿದ್ದು. "ಕ್ವಾರಿ ನೀರು ನುಂಗುತ್ತೆ ಅನ್ನೋರು ನನ್ನ ಹಳ್ಳ ಬಂದು ನೋಡಲಿ" ಅಂತ ಸಾರ್ಕೊಂಡು ತಿರುಗ್ತಿದ್ದೆ.

ನಾನು ಅವಳ ಅಕ್ಕ ಅನ್ನೋದನ್ನ ತಂಗಿ ಮೊದಲೇ ತನ್ನ ಕಚೇರಿಗೆ ತಿಳಿಸಿದ್ದಳು. ಹಳ್ಳಕ್ಕೆ ಅಡ್ಡಲಾಗಿ ಒಂದು ತಗಡು ನಿಲ್ಲಿಸಿದಳು, ನಡುವೆ ನೀರು ಹರಿಯೋಕೆ ಕತ್ತರಿಸಿದ ಒಂದು ಕಚ್ಚು. ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಹರಿಯುತ್ತೆ ಅಂತ ನೋಡಿದ್ರೆ ಹಳ್ಳದ ನೀರೆಷ್ಟು ಅಂತ ಗೊತ್ತಾಗುತ್ತಂತೆ. ಆಮೇಲೆ, ಗುಂಡಿಯ ತಳದಲ್ಲಿ ಓಡೋ ಪಂಪನ್ನ ಕೆಲವು ದಿನ ನಿಲ್ಲಿಸಿ ಅಂತ ಸಾಹುಕಾರರಿಗೆ ಹೇಳಿ ನಿಲ್ಲಿಸಿದಳು.

ಮಾರನೇ ದಿನಕ್ಕೇ ಹಳ್ಳ ಸೊರಗಿತು. ವಾರದೊಳಗೆ ಬರೀ ಕಲ್ಲು. ತೊಟ್ಟಿ ತುಂಬ ಸೋಪು ಹಚ್ಚಿದ ಚಾದರ! ನನಗೆ ಮೈಯೆಲ್ಲ ಉರಿದುಹೋಯ್ತು.

"ಏನೇ ಪುಟ್ಟಿ, ಒಡಹುಟ್ಟಿದವಳ ಹೊಟ್ಟೆ ಮೇಲೆ ಹೊಡೆಯೋಕೆ ಅಂತಲೇ ಓದಿದ್ಯಾ?"

ಅವಳು ಜಗಳ ಆಡಲಿಲ್ಲ. ಮೇಲ್ಬೀದಿಯ ಬೇಕರಿಯವನ ಮನೆಗೆ ಕರ್ಕೊಂಡು ಹೋದಳು. ಬತ್ತಿದ್ದ ಬಾವಿಯ ತಳದಲ್ಲಿ ನೀರು ಮಿನುಗ್ತಿತ್ತು. ಬೇಕರಿಯವನು ಕಟ್ಟೆ ಹಿಡ್ಕೊಂಡು ಅದನ್ನೇ ನೋಡ್ತಾ ನಿಂತಿದ್ದ, ನಮ್ಮನ್ನ ಮಾತಾಡಿಸೋದೂ ಮರೆತುಬಿಟ್ಟಿದ್ದ.

"ಅಕ್ಕಾ, ಗುಂಡಿ ಈ ಬಾವಿಗಳಿಗಿಂತ ಆಳ ಹೋಗಿದೆ. ಸುತ್ತಲ ನೀರೆಲ್ಲ ಅದಕ್ಕೇ ಇಳಿಯುತ್ತೆ. ಅದನ್ನ ಪಂಪಿನಲ್ಲಿ ಎತ್ತಿ ಹಳ್ಳಕ್ಕೆ ಬಿಡ್ತಾರೆ. ಬೇಸಗೆಯಲ್ಲಿ ನಿನ್ನ ಮುಂದೆ ಹರಿಯೋದು ಇವರ ಬಾವಿ ನೀರು."

"ಹಾಗಾದ್ರೆ ಪಂಪು ಪೂರ್ತಿ ನಿಂತ್ರೆ ನನ್ನ ಗತಿ?"

"ಗೊತ್ತಿಲ್ಲ ಅಕ್ಕಾ."

ಅಡ್ಡಗೋಡೆ ಮೇಲೆ ದೀಪ ಇಡೋದು ಅವಳಿಗೆ ಚಿಕ್ಕಂದಿನಿಂದಲೂ ಬರಲ್ಲ. ಒಂದು ಸುಳ್ಳು ಸಮಾಧಾನ ಹೇಳಿದ್ರೆ ಅವಳ ಗಂಟೇನು ಹೋಗ್ತಿತ್ತು?

ಶಾಲೆಯ ಹಾಲಿನಲ್ಲಿ ಅಹವಾಲು ಸಭೆ ನಡೀತು. ತಂಗಿ ತನ್ನ ಅಳತೆಗಳನ್ನ ಓದಿ ಮುಗಿಸಿದ್ದೇ ತಡ, ಸಾಹುಕಾರರು ಎದ್ದು ನಿಂತ್ರು.

"ನಮ್ಮಿಂದ ಊರಿಗೆ ನೀರು ಹೆಚ್ಚಾಗಿದೆ! ಬೇಕಾದ್ರೆ ಮೇಡಂ ಅವರ ಸ್ವಂತ ಅಕ್ಕನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದ್ರು. ತಂಗಿ ಮಾತ್ರ ತಲೆ ಎತ್ತಲಿಲ್ಲ. ಒಂದು ಕಣ್ಸನ್ನೆ ಮಾಡಬಹುದಿತ್ತು, ಮಾಡಲಿಲ್ಲ. ಸಿಟ್ಟೂ ಬಂತು, ಹೆಮ್ಮೆಯೂ ಆಯ್ತು. ಎದ್ದು ನಿಂತೆ.

"ಹೌದು ಸಾಹುಕಾರ್ರೇ, ಹಳ್ಳ ತುಂಬಿ ಹರಿಯುತ್ತೆ," ಅಂದೆ. "ಆದ್ರೆ ನೀವು ಪಂಪು ನಿಲ್ಲಿಸಿದಾಗ ಒಂದು ಕರ್ಚೀಫು ಒಗೆಯೋಕೂ ನೀರಿರಲಿಲ್ಲ. ಇಷ್ಟು ವರ್ಷ ನಾನು ಒಗೆದಿದ್ದೆಲ್ಲ ಮೇಲ್ಬೀದಿಯ ಬಾವಿ ನೀರಲ್ಲಿ."

ಸಾಹುಕಾರರು ಕೂತುಬಿಟ್ರು.

ಹೊರಗೆ ಬಂದಾಗ ತಂಗಿ ಓಡಿ ಬಂದು ಕೈ ಹಿಡ್ಕೊಂಡಳು. ಕಣ್ಣು ತುಂಬಿತ್ತು. "ಅಕ್ಕಾ, ನೀನು ಬೇರೆ ಥರ ಹೇಳಿದ್ರೂ ನಾನು ಏನೂ ಅಂದ್ಕೊಳ್ತಿರಲಿಲ್ಲ."

"ಗೊತ್ತು ಕಣೇ. ಈಗ ಅಳಬೇಡ, ನಡಿ. ಇನ್ನು ಪಂಪು ನಿಲ್ಲೋದೇ, ಬೇರೆ ಲಾಂಡ್ರಿ ನೋಡ್ಕೊಳ್ಳಿ ಅಂತ ಹೋಟೆಲಿನವರಿಗೆ ಹೇಳಿ ಬರಬೇಕು. ಒಬ್ಬಳೇ ಹೋಗೋಕೆ ನನ್ನ ಕೈಲಾಗಲ್ಲ."