ಕಣ್ಣು ಮಿಟುಕಿಸದ ಸಂಜೆ

ಯಾರಾದರೂ ಕಲಿಸಲು ಬಂದರೆ ನನಗೆ ಮೈ ಉರಿಯುತ್ತದೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟು, ಭಾಲ್ಕಿಯಲ್ಲಿ ಸ್ವಂತ ಸ್ಟುಡಿಯೋ ನಿಲ್ಲಿಸಿದವನು ನಾನು. ಹೊಸ ಕ್ಯಾಮೆರಾದ ಜೊತೆ ಬಂದ ಪುಸ್ತಕವನ್ನು ಡಬ್ಬಿಯಿಂದ ತೆಗೆಯಲೇ ಇಲ್ಲ.

ನನಗೆ ಈ ಕಸುಬು ಕಲಿಸಿದ ಉಸ್ತಾದರು ಬೀದರಿನ ಧಾನ್ಯಪೇಟೆ ಗಾಂಧಿ ಗಂಜಿನಲ್ಲಿದ್ದ ಫೋಟೋ ಅಂಗಡಿ ಮುಚ್ಚಿ, ಹೈದರಾಬಾದಿಗೆ ಮಗಳ ಮನೆಗೆ ಹೊರಟಿದ್ದರು. “ಬೇಟಾ, ನನ್ನ ಮಾಳಿಗಿ ಮ್ಯಾಲಿಂದ ಗಂಜಿಂದು ಒಂದು ಸಂಜಿ ಹಿಡದು ಕೊಡು. ಅಲ್ಲಿ ಕೂತು ನೋಡ್ತೀನಿ,” ಅಂದರು.

ಅದೇನು ಮಹಾ! ಸ್ವಲ್ಪ ಸ್ವಲ್ಪ ಹೊತ್ತಿಗೊಂದು ಫೋಟೋ ತೆಗೆದು ಪೋಣಿಸಿದರೆ ಟೈಮ್‌ಲ್ಯಾಪ್ಸ್ ವಿಡಿಯೋ. ಬಿಸಿಲಿಂದ ದೀಪದವರೆಗಿನ ಸಂಜೆ ಪರದೆಯ ಮೇಲೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಮುಗಿಯುತ್ತದೆ. ಮಾಳಿಗೆಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಬೆಳಕಿನ ಉಸಾಬರಿಯನ್ನೆಲ್ಲ ಅದರ ಆಟೋಗೆ ಬಿಟ್ಟೆ. ಮರುದಿನ ಉಸ್ತಾದರಿಗೆ ಜಂಬದಿಂದ ತೋರಿಸಿದರೆ, ಗಂಜು ಪಿಳಿಪಿಳಿ ಮಿಟುಕಿತು. ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪಗೆ. ಲಾರಿಯ ದೀಪ ಕಂಡರೆ ಸಾಕು, ಕ್ಯಾಮೆರಾ ಬೆಚ್ಚಿ ಊರನ್ನೇ ಕತ್ತಲು ಮಾಡಿತ್ತು.

“ಏನೋ ಇದು, ಗಂಜಿನ ಕಣ್ಣಾಗ ಖಾರಪುಡಿ ಬಿತ್ತೇನು?”

“ಕ್ಯಾಮೆರಾ ಹಂಗ ಮಾಡ್ಯದ್ರಿ.”

“ಮತ್ತ ನೀ ಏನ್ ಮಾಡ್ಲತ್ತಿದ್ದಿ?”

ಕೆಳಗಿಳಿದು ಭಜಿ ತಿನ್ನುತ್ತಿದ್ದೆ. ಕ್ಯಾಮೆರಾ ಚೀಲಕ್ಕೆ ತುರುಕಿ ಎದ್ದೆ.

ಭಾಲ್ಕಿಯ ಬಸ್ಸಿನಲ್ಲಿ ಕೂತಾಗ ಠಾಣಾ ಕುಶನೂರಿನ ನಮ್ಮ ಮನೆಯ ಕಂದೀಲು ನೆನಪಾಯಿತು. ಅವ್ವ ರೊಟ್ಟಿ ಬಡಿಯುತ್ತಲೇ, ಹೊತ್ತು ಇಳಿದಂತೆ ಅದರ ಬತ್ತಿಯನ್ನು ಕೂದಲೆಳೆಯಷ್ಟು ಏರಿಸುತ್ತಿದ್ದಳು. ಕತ್ತಲು ಯಾವಾಗ ಮನೆ ಹೊಕ್ಕಿತೋ ನಮಗೆ ತಿಳಿಯುತ್ತಿರಲಿಲ್ಲ. ನಾನು ಏರಿಸಿದರೆ ಒಮ್ಮೆಲೇ ಭಗ್ಗೆಂದು ಗಾಜೆಲ್ಲ ಮಸಿ. “ಕತ್ತಲಿಗಿ ಗಡಿಬಿಡಿ ಇಲ್ಲೋ, ನಿನಗ ಅದ,” ಅನ್ನುತ್ತಿದ್ದಳು.

ಉಸ್ತಾದರು ಹೊರಡಲು ಇನ್ನೊಂದೇ ಸಂಜೆ ಉಳಿದಿತ್ತು. ಬಿಂಕ ಬದಿಗಿಟ್ಟು ಹೋಗಿ ಕೇಳಿದೆ, “ಹ್ಯಾಂಗ ಮಾಡ್ಲಿರಿ?”

ಅವರು ಅಲಮಾರಿಯಿಂದ ತಮ್ಮ ಹಳೆ ಲೆನ್ಸು ತೆಗೆದರು. “ನಿನ್ನ ಹೊಸ ಲೆನ್ಸು ಫೋಟೋಕ್ಕೊಮ್ಮಿ ಬೆಳಕು ಬರೋ ಕಿಂಡಿ ಮುಚ್ಚಿ ತೆಗಿತದ. ಎಲ್ಲಾ ಸಲ ಅಷ್ಟೇ ತೆಗಿತದಂತ ಏನ್ ಗ್ಯಾರಂಟಿ? ಇದು ಕೈಲಿ ತಿರುವಿದಲ್ಲೇ ಕೂಡ್ತದ. ಆಟೋ ಬಂದ್ ಮಾಡು.”

ಹಳೆ ಲೆನ್ಸು ಸಿಕ್ಕಿಸಿ ಮಾಳಿಗೆ ಹತ್ತಿ, ಆಟೋ ಬಂದ್ ಮಾಡಿದೆ. ಕಿಂಡಿ ಒಂದೇ ಅಳತೆಗೆ ನಿಂತಿತು. ಷಟರ್ ತೆರೆದಿರುವ ಹೊತ್ತನ್ನು ಮಾತ್ರ, ಅವ್ವನ ಬತ್ತಿಯಂತೆ, ಚೂರುಚೂರೇ ಹೆಚ್ಚಿಸುತ್ತ ಕೂತೆ. ಕೆಳಗಿನಿಂದ ಭಜಿಯ ವಾಸನೆ ಬಂತು. ಇಳಿಯಲಿಲ್ಲ. ಎಲ್ಲೋ ಉಳಿದ ಬೆಳಕಿನ ಸಣ್ಣ ಏರಿಳಿತವನ್ನು ರಾತ್ರಿ ಕಂಪ್ಯೂಟರಿನಲ್ಲಿ ಸವರಿದೆ.

ಬೆಳಿಗ್ಗೆ, ಕಟ್ಟಿಟ್ಟ ಗಂಟುಗಳ ನಡುವೆ ಕೂತು ಉಸ್ತಾದರು ನೋಡಿದರು. ಬಿಸಿಲಲ್ಲಿ ಹಮಾಲರು, ತೊಗರಿ ಚೀಲ, ಕೈಗಾಡಿ; ಆಮೇಲೆ ಸಾಲು ದೀಪ.

“ಸಂಜಿ ಎಲ್ಲಿ ಆಯ್ತೋ ಬೇಟಾ? ತಿರುಗಿ ಹಾಕು.”

ಹಾಕಿದೆ. ಇಬ್ಬರೂ ಕಣ್ಣು ನೆಟ್ಟು ಹುಡುಕಿದೆವು, ಬಿಸಿಲು ಸಂಜೆಯಾದ ಗಳಿಗೆ ಸಿಗಲಿಲ್ಲ. ಮಗ್ಗುಲಲ್ಲಿ ಅವರ ಗಡ್ಡ ಕಂಡಿತು. ನಾನು ಮೊದಲು ಈ ಅಂಗಡಿ ಹತ್ತಿದಾಗ ಅದು ಕಪ್ಪಗಿತ್ತು. ಯಾವ ಫೋಟೋದಲ್ಲಿ ಬೆಳ್ಳಗಾಯಿತೋ, ಅದನ್ನೂ ನಾನು ನೋಡಲಿಲ್ಲ.