ಅಳಿಲನ್ನು ಉಡವಾಗಿಸಿದ ಮೇಡಂ: ಶ್ರೀಮತಿ ವೆಂಕಟರತ್ನಮ್ಮನವರು

ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆಯ ಪೀರಿಯಡ್ಡೆಂದರೆ, ಪಾಠ ಮುಗಿಯದ ಗಣಿತದ ಮೇಷ್ಟ್ರು ಬಂದು ಎರವಲು ಕೇಳುವ ಪೀರಿಯಡ್ಡು. ಅದನ್ನು ಮೂವತ್ತನಾಲ್ಕು ವರ್ಷ ಯಾರಿಗೂ ಬಿಟ್ಟುಕೊಡದೆ ಕಾಪಾಡಿ, ಕೋಲಾರ ಜಿಲ್ಲೆಯ ಚಿತ್ರಕಲಾ ಶಿಕ್ಷಕರ ಬಳಗದಲ್ಲಿ ಹಿರಿಯಕ್ಕನ ಸ್ಥಾನ ಪಡೆದ ಶ್ರೀಮತಿ ವೆಂಕಟರತ್ನಮ್ಮನವರು ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಹೋಳೂರಿನಲ್ಲಿ ಹುಟ್ಟಿ, ಮುಳಬಾಗಿಲಿನಲ್ಲಿ ಕೆಲಸಕ್ಕೆ ಸೇರಿ, ಮಾಲೂರಿನಲ್ಲಿ ಹನ್ನೊಂದು ವರ್ಷ ದುಡಿದು, ಶ್ರೀನಿವಾಸಪುರದಲ್ಲಿ ಸೇವೆ ಮುಗಿಸುತ್ತಿರುವ ಈ ಮೇಡಂ ಅವರ ಕೈಕೆಳಗೆ ಬಣ್ಣ ಮೆತ್ತಿಕೊಂಡ ಮಗುವಿಲ್ಲದ ಮನೆ ಈ ಸೀಮೆಯಲ್ಲಿ ಅಪರೂಪ.

ಮುಳಬಾಗಿಲಿನ ದಿನಗಳಲ್ಲಿ ಅವರ ತರಗತಿಗೆ ರಜನಿ ಎಂಬ ಹುಡುಗಿ ಬಂದಳು. ಗಡಿಯ ಹಳ್ಳಿಯವಳು, ಮನೆಮಾತು ತೆಲುಗು. ಕನ್ನಡದಲ್ಲಿ ಬಾಯಿ ಬಿಟ್ಟರೆ ತರಗತಿಯೆಲ್ಲ ನಗುತ್ತಿದ್ದುದರಿಂದ ಬಾಯಿ ಬಿಡುವುದನ್ನೇ ಬಿಟ್ಟಿದ್ದಳು. ಮೇಡಂ ಅವಳನ್ನು ಗದರಲಿಲ್ಲ. "ಮಾತು ಬರ್ಲಿಲ್ಲಾಂದ್ರೆ ಬೇಡ ಕಣೇ, ಚಿತ್ರ ಬಿಡ್ಸಿ ತೋರ್ಸು" ಎಂದು ತಮ್ಮ ಸ್ವಂತ ಬಣ್ಣದ ಡಬ್ಬಿಯನ್ನು ಅವಳ ಬೆಂಚಿನ ಮೇಲಿಟ್ಟರು. ಆ ಡಬ್ಬಿ ವರ್ಷವಿಡೀ ಅಲ್ಲೇ ಇತ್ತು.

ಅದೇ ರಜನಿ ಈಗ ಮಾಲೂರಿನಲ್ಲಿ ಜೊತೆಗಾರ ಉಮಾಶಂಕರ್ ಅವರೊಡನೆ ಮಕ್ಕಳ ಅನಿಮೇಷನ್ ಚಿತ್ರವೊಂದನ್ನು ತಯಾರಿಸುತ್ತಿದ್ದಾರೆ. ಕಥಾನಾಯಕಿ ಗಂಗಾ ಯಾರೊಡನೆಯೂ ಮಾತನಾಡದ ಹುಡುಗಿ. ಅವಳು ಬಾಯಿ ಬಿಡುವುದು ರೂಪ ಬದಲಿಸುವ ಒಂದು ಪ್ರಾಣಿಯ ಮುಂದೆ ಮಾತ್ರ. ಆ ಪ್ರಾಣಿಯನ್ನು ಬಿಡಿಸಿಕೊಡಬೇಕೆಂದು ರಜನಿ ಕಳೆದ ವರ್ಷ ರೈಲಿನಿಂದಲೇ ಗುರುಗಳಿಗೆ ಫೋನು ಮಾಡಿದರು. ಅವಸರದಲ್ಲಿ ಬಾಯಿಗೆ ಬಂದದ್ದು ಮನೆಯ ಮಾತು: "ಮೊದ್ಲು ಉಡುತ ಬೇಕು ಮೇಡಂ." ರೈಲಿನ ಸದ್ದಿನಲ್ಲಿ ಮೇಡಂ ಕೇಳಿದರು: "ಉಡ ತಾನೆ? ಸರಿ ಬಿಡು."

ತೆಲುಗಿನಲ್ಲಿ ಉಡುತ ಎಂದರೆ ಅಳಿಲು. ಕನ್ನಡದ ಉಡವೋ, ಹಲ್ಲಿಯ ಜಾತಿಗೆ ದೊಡ್ಡಪ್ಪನಂತಿರುವ ಜೀವಿ. ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೇಡಂ ಬಿಡಿಸಿ ತಂದ ಹಾಳೆಗಳನ್ನು ಮಾಲೂರಿನಲ್ಲಿ ಬಿಚ್ಚಿದಾಗ, ಸೀಳುನಾಲಿಗೆಯ ಉಡಗಳು ಸಾಲಾಗಿ ಹೊರಬಂದವು. ರಜನಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ಮೇಡಂ ಮಾತ್ರ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬಂತೆ, "ನಿಂಗೆ ಅಳಿಲು, ನಂಗೆ ಉಡ. ಎರಡೂ ಇರ್ಲಿ ಬಿಡೇ, ವೇಷ ಬದ್ಲಾಯ್ಸೋ ಪ್ರಾಣಿ ತಾನೆ?" ಎಂದರು. ಗಂಗಾ ತೆಲುಗಿನಲ್ಲಿ ಕೂಗಿದರೆ ಅಳಿಲು, ಕನ್ನಡದಲ್ಲಿ ಕೂಗಿದರೆ ಉಡ ಎಂದು ಅಲ್ಲೇ ತೀರ್ಮಾನವಾಯಿತು.

ಆದರೆ ಶ್ರೀನಿವಾಸಪುರದ ಶಾಲೆಯ ಆರನೆಯ ತರಗತಿಗೆ ಚಿತ್ರದ ತುಣುಕನ್ನು ತೋರಿಸಿದಾಗ, ತೆರೆಯ ಮೇಲೆ ಅಳಿಲು ಉಡವಾದೊಡನೆ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: "ಮಿಸ್, ಅಳಿಲು ಎಲ್ಲೋಯ್ತು?" ಉಮಾಶಂಕರ್ ಖಂಡಿತವಾಗಿ ಹೇಳಿದರು: "ಇನ್ನೊಂದ್ಸಲ ತೋರ್ಸೋಣ. ಆಗ್ಲೂ ಮಕ್ಳು ಗುರ್ತು ಹಿಡೀಲಿಲ್ಲಾಂದ್ರೆ ಈ ಪ್ರಾಣೀನೇ ತೆಗ್ದುಬಿಡೋಣ." ರಜನಿಯ ಮುಖ ಬಾಡಿತು. ಪ್ರಾಣಿಯನ್ನು ತೆಗೆದರೆ ಗಂಗಾ ಇಡೀ ಚಿತ್ರದಲ್ಲಿ ಮೂಕಿಯಾಗಿ ಉಳಿಯುತ್ತಾಳೆ. ಆ ಗಂಗಾ ಯಾರೆಂದು ಮೇಡಂಗೆ ಯಾರೂ ಹೇಳಬೇಕಿರಲಿಲ್ಲ. ತಮ್ಮ ಕಿವಿಯ ತಪ್ಪಿಗೆ ಆ ಹುಡುಗಿ ಎರಡನೆಯ ಸಲ ಮಾತು ಕಳೆದುಕೊಳ್ಳುತ್ತಾಳಲ್ಲ ಎಂಬ ಸಂಕಟದಲ್ಲಿ ಅವರಿಗೆ ಅನ್ನ ಸೇರಲಿಲ್ಲ.

ವಾರವಿಡೀ ಊಟದ ಬಿಡುವಿನಲ್ಲಿ ಅವರು ಶಾಲೆಯ ಹಿಂದಿನ ಮಾವಿನ ಮರದ ಕೆಳಗೆ ಕುಳಿತು ಅಳಿಲನ್ನು ನೋಡಿದರು. ಟೀಚರಮ್ಮನಿಗೆ ನಿವೃತ್ತಿಯ ಚಿಂತೆ ಹತ್ತಿದೆಯೆಂದು ಸಹೋದ್ಯೋಗಿಗಳಾದ ನಾವೆಲ್ಲ ಆಡಿಕೊಂಡೆವು. ಅವರಿಗೆ ಕಂಡದ್ದು ಇಷ್ಟೇ: ಓಡುವ ಮೊದಲು ಅಳಿಲು ಒಂದು ಗಳಿಗೆ ಸ್ತಬ್ಧವಾಗಿ, ಮುಂಗಾಲೊಂದನ್ನು ಎದೆಗೊತ್ತಿಕೊಳ್ಳುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಆ ಗುಣವನ್ನು ಮೇಡಂ ಉಡಕ್ಕೆ ದಾನ ಮಾಡಿದರು. ಅಳಿಲಿನ ಬೆನ್ನಿನ ಮೂರು ಗೆರೆಗಳನ್ನು ಉಡದ ಬೆನ್ನ ಮೇಲೆ ಚುಕ್ಕಿಗಳ ಮೂರು ಸಾಲಾಗಿಸಿದರು.

ಎರಡನೆಯ ಸಲ ತೋರಿಸಿದ ದಿನ, ತೆರೆಯ ಮೇಲೆ ಉಡ ನಿಂತಿತು, ಮುಂಗಾಲನ್ನು ಎದೆಗೊತ್ತಿಕೊಂಡಿತು. ಕೊನೆಯ ಸಾಲಿನಲ್ಲಿದ್ದ ಮುನಿಲಕ್ಷ್ಮಿ ಶಾಲೆಗೆ ಸೇರಿ ಎರಡು ತಿಂಗಳಾಗಿದ್ದರೂ ಹಾಜರಿಗೂ ಕೈಯೆತ್ತುತ್ತಿದ್ದಳೇ ಹೊರತು ಬಾಯಿ ತೆರೆದವಳಲ್ಲ. ಅವಳು ಥಟ್ಟನೆ ಎದ್ದು ನಿಂತು, "ಮಿಸ್, ಇದೀ ಆ ಉಡುತೇ!" ಎಂದು ಕೂಗಿದಳು. ಅದೇ ಅಳಿಲು ಇದು ಎಂದು ಅವಳ ಮಾತು. ಇಡೀ ತರಗತಿ ಹಿಂದಕ್ಕೆ ತಿರುಗಿತು. ಯಾರೂ ನಗಲಿಲ್ಲ, "ಹೌದು ಮಿಸ್, ಅದೇ, ಅದೇ!" ಎಂದರು. ರಜನಿ ಅತ್ತರು, ಮೇಡಂ ಕೂಡ ಅತ್ತರು. ಪ್ರಾಣಿಯನ್ನು ತೆಗೆಯುವ ಮಾತನ್ನು ಉಮಾಶಂಕರ್ ಮತ್ತೆ ಎತ್ತಲಿಲ್ಲ.

ತಮ್ಮದೇನಿದ್ದರೂ ಅಳಿಲು ಸೇವೆಯೆಂದು ವೆಂಕಟರತ್ನಮ್ಮನವರು ಹೇಳಿಕೊಳ್ಳುತ್ತಾರೆ. ನಾವು ಒಪ್ಪುವುದಿಲ್ಲ, ಅದು ಉಡದ ಪಟ್ಟು. ಅವರಿಗೆ ಆಯುರಾರೋಗ್ಯ ಕೂಡಿಬರಲಿ, ಕೈ ನಡುಗದಿರಲಿ, ಕಣ್ಣು ಮಂಜಾಗದಿರಲಿ. ಬೀಳ್ಕೊಡುಗೆಯ ಮರುದಿನವೇ ಅವರು ಮಾಲೂರಿಗೆ ಹೊರಟಿದ್ದಾರೆ. ಗಂಗಾ ಇನ್ನೂ ಅರ್ಧ ಚಿತ್ರದಷ್ಟು ಮಾತನಾಡುವುದಿದೆ, ಕೇಳಿಸಿಕೊಳ್ಳುವ ಪ್ರಾಣಿಯನ್ನು ಮೇಡಂ ಬಿಡಿಸಬೇಕಿದೆ.