ತಂತಿಯಿಲ್ಲದ ಬೀದಿ

ಕಂಬ ಹತ್ತಿ ಇಳಿಯುವುದರಲ್ಲೇ ಆಯುಸ್ಸು ಕಳೆದ ಲೈನ್‌ಮನ್, ನಿವೃತ್ತರಾದ ಮೇಲೆ ಮನೆಯ ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಒಂದೊಂದನ್ನೇ ಬಿಚ್ಚತೊಡಗಿದರು. ಮತ್ತೆ ಜೋಡಿಸುವಾಗ ಪ್ರತಿಸಲವೂ ಒಂದೆರಡು ತಿರುಪು ಮಿಗುತ್ತಿದ್ದವು. ತಲೆಚಿಟ್ಟು ಹಿಡಿದ ಹೆಂಡತಿ ಅವರನ್ನು ಎಳೆದೊಯ್ದು ಚಿತ್ರಕಲೆಯ ತರಗತಿಗೆ ಸೇರಿಸಿಬಂದಳು.

ಮಗಳ ವಯಸ್ಸಿನ ಟೀಚರು ಬೀದಿಯೊಂದನ್ನು ಬಿಡಿಸಲು ಹೇಳಿದಳು. ಇವರು ಮೊದಲು ಕಂಬ ನೆಟ್ಟರು, ಆಮೇಲೆ ತಂತಿ ಎಳೆದರು, ಜಾಗ ಉಳಿದಲ್ಲಿ ಮನೆ ತುರುಕಿದರು.

"ತಂತಿ ಬಿಟ್ಬಿಡಿ ಅಂಕಲ್."

"ಬಿಟ್ರೆ ಈ ಮನೆಗಳಿಗೆ ಕರೆಂಟ್ ಎಲ್ಲಿಂದ ಬರುತ್ತಮ್ಮಾ?"

ಟೀಚರು ನಗು ತಡೆದುಕೊಂಡಳು. "ಕಣ್ಣು ಕಿರಿದು ಮಾಡಿ ನೋಡಿ. ಸಣ್ಣಪುಟ್ಟದೆಲ್ಲ ಮಾಯವಾಗುತ್ತೆ. ಮನೆ ಅಂದ್ರೆ ಒಂದು ಡಬ್ಬ, ಸೂರು ಅಂದ್ರೆ ಒಂದು ತ್ರಿಕೋನ. ಬಣ್ಣ ಮಾತ್ರ ಕಂಡದ್ದಲ್ಲ, ನಿಮಗೆ ಅನ್ನಿಸಿದ್ದು ಹಾಕಿ."

ಮರುದಿನ ಮಾಳಿಗೆ ಹತ್ತಿ ಅಭ್ಯಾಸಕ್ಕೆ ನಿಂತರು. ಎರಡೂ ಕಣ್ಣು ಕಿರಿದಾಗಲು ಒಪ್ಪಲಿಲ್ಲ. ಎಡಗಣ್ಣು ಪೂರ್ತಿ ಮುಚ್ಚಿಕೊಳ್ಳುತ್ತಿತ್ತು. ಎದುರುಮನೆಯ ಬಾಗಿಲಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ದರ್ಜಿಯಮ್ಮ ತಲೆಯೆತ್ತಿದಳು. ಕತ್ತರಿ ಹಿಡಿದೇ ರಸ್ತೆ ದಾಟಿ ಬಂದಳು.

"ಅಕ್ಕಾ, ನಿಮ್ಮನೆಯವರು ಈ ವಯಸ್ಸಲ್ಲಿ ನನಗೆ ಕಣ್ಣು ಹೊಡೀತಿದಾರೆ!"

ಹೆಂಡತಿ ಧಡಧಡನೆ ಮೆಟ್ಟಿಲು ಹತ್ತಿದಳು. ಲೈನ್‌ಮನ್ ತೊದಲುತ್ತಾ ಎಲ್ಲ ವಿವರಿಸಿದರು. ನಂಬಿಕೆ ಬಾರದೆ ತಾನೂ ಕಣ್ಣು ಕಿರಿದು ಮಾಡಿ ನೋಡಿದವಳು, "ಅಯ್ಯೋ, ಹೌದಲ್ರೀ! ಎಲ್ಲ ಡಬ್ಬಗಳೇ!" ಎಂದಳು.

ಆಮೇಲೆ ಕೈ ಸಲೀಸಾಯಿತು. ಚಿತ್ರದಿಂದ ಕಂಬಗಳು ಒಂದೊಂದಾಗಿ ಉದುರಿದವು. ಬೇಕರಿ ಹಳದಿಯಾಯಿತು, ರಸ್ತೆ ನೇರಳೆಯಾಯಿತು, ದರ್ಜಿಯಮ್ಮನ ಮನೆ ಕೆಂಡದಂತೆ ಕೆಂಪಾಯಿತು.

ತರಗತಿಯವರ ಪ್ರದರ್ಶನಕ್ಕೆ ದರ್ಜಿಯಮ್ಮನೂ ಬಂದಳು.

"ಸುಣ್ಣ ಬಳಿದ ಮನೆಗೆ ಇದೇನಣ್ಣಾ ಕೆಂಪು?"

ಕತ್ತರಿ ನೆನಪಾಗಿ ಲೈನ್‌ಮನ್ ಒಂದು ಹೆಜ್ಜೆ ಹಿಂದೆ ಸರಿದರು. "ಬೀದಿಯಲ್ಲಿ ಎದ್ದು ಕಾಣೋ ಮನೆ ಅದೊಂದೇ ತಾನೇ?" ಎಂದು ಹೆಂಡತಿ ನಡುವೆ ಬಾಯಿ ಹಾಕಿದಳು. ದರ್ಜಿಯಮ್ಮ ಉಬ್ಬಿಹೋಗಿ, ಬಂದವರನ್ನೆಲ್ಲ ಕರೆದು ತನ್ನ ಮನೆ ತೋರಿಸಿದಳು.

ಅಷ್ಟರಲ್ಲಿ ಹೆಂಡತಿಯ ಮುಖ ಗಂಟಾಯಿತು. "ನಮ್ಮನೆ ಎಲ್ರೀ?"

"ಅದರ ಮೇಲೇ ನಿಂತಿದ್ನಲ್ಲ, ಹೇಗೆ ಕಾಣುತ್ತೆ?"

ಮರುವಾರ ಅವರು ದರ್ಜಿಯಮ್ಮನ ಮಾಳಿಗೆ ಹತ್ತಿದರು. ಈಚೆ ತಮ್ಮ ಮನೆಯ ಬಾಗಿಲಲ್ಲಿ ಹೆಂಡತಿ ತಲೆ ಬಾಚಿ, ಹೊಸ ಬಟ್ಟೆ ಉಟ್ಟು ನಿಂತಿದ್ದಳು.

"ಮೂಗು ನೆಟ್ಟಗೆ ಬರಲಿ!"

"ಇಲ್ಲಿಂದ ನೀನೊಂದು ಚುಕ್ಕೆ ಕಣೇ!"

ಅವಳು ಸೆರಗು ಅಗಲಿಸಿ ಹಿಡಿದಳು. "ಹಾಗಾದ್ರೆ ದೊಡ್ಡ ಚುಕ್ಕೆನೇ ಹಾಕಿ!"